ಆಟಗಾರ ಹೋದರೂ ಸಂಬಳ ಹೋಗಲ್ಲ: ಎನ್‌ಬಿಎ ಕಾಂಟ್ರ್ಯಾಕ್ಟ್‌ಗಳ ಕಥೆ

ವಿಡಿಯೋ ನೋಡೋಕೆ ಟೈಮಿಲ್ಲ, ಆಫೀಸ್ ಬಸ್ಸಲ್ಲಿ ಕೂತು ಓದ್ತೀವಿ ಅನ್ನೋರಿಗಾಗಿ ಇದು. ಮಾತಾಡಿದ್ದನ್ನೇ ಸ್ವಲ್ಪ ಒಪ್ಪ ಮಾಡಿ ಬರೆದಿದ್ದೇನೆ.

2020ರಲ್ಲಿ ನಾನು ಪುಣೆಯಲ್ಲಿ ಎರಡು ತಿಂಗಳು ಬೆಂಚ್ ಮೇಲಿದ್ದೆ. ಮೂರನೇ ತಿಂಗಳು ಎಚ್‌ಆರ್ ವಿಡಿಯೋ ಕಾಲ್‌ನಲ್ಲಿ ಹದಿನೈದು ನಿಮಿಷಕ್ಕೆ ಎಲ್ಲಾ ಮುಗಿಸಿದರು. ಲ್ಯಾಪ್‌ಟಾಪ್ ತಗೊಂಡು ಹೋಗೋಕೆ ಮಾರನೇ ದಿನವೇ ಕೊರಿಯರ್ ಹುಡುಗ ಬಂದ. ಆಮೇಲೆ ನಿದ್ದೆ ಸರಿಯಾಗಿ ಬರ್ತಿರಲಿಲ್ಲ, ಬೆಳಗಿನ ಜಾವ ಎದ್ದು ಅಮೆರಿಕದ ಬ್ಯಾಸ್ಕೆಟ್‌ಬಾಲ್ ನೋಡ್ತಿದ್ದೆ. ಆ ಅಕ್ಟೋಬರ್‌ನಲ್ಲಿ ಲಾಸ್ ಏಂಜಲಿಸ್ ಲೇಕರ್ಸ್ ಚಾಂಪಿಯನ್ ಆಯ್ತು. ಅವರ ಸಂಬಳದ ಪಟ್ಟಿಯಲ್ಲಿ ಒಂದು ಹೆಸರು ನೋಡಿ ಬೆಚ್ಚಿದೆ: ಲುವಾಲ್ ಡೆಂಗ್, 50 ಲಕ್ಷ ಡಾಲರ್. ಆ ಮನುಷ್ಯ ಒಂದು ವರ್ಷದ ಹಿಂದೆಯೇ ಆಟದಿಂದ ನಿವೃತ್ತರಾಗಿದ್ದರು!

ಇದು ಹೇಗೆ ಅಂತ ತಿಳ್ಕೊಳ್ಳೋಕೆ ಸ್ವಲ್ಪ ಹಿಂದೆ ಹೋಗಬೇಕು.

ಒಂದು ಕಾಲದಲ್ಲಿ ಎನ್‌ಬಿಎ ಆಟಗಾರ ಒಂದು ತಂಡ ಸೇರಿದ ಅಂದ್ರೆ, ತಂಡ ಬಿಡೋವರೆಗೂ ಅವನು ಅದರ ಸ್ವತ್ತು. 1970ರಲ್ಲಿ ಆಟಗಾರರ ಸಂಘದ ಅಧ್ಯಕ್ಷ ಆಸ್ಕರ್ ರಾಬರ್ಟ್‌ಸನ್ ಹೆಸರಲ್ಲಿ ಕೋರ್ಟಿಗೆ ಹೋದರು. ಕೇಸು ರಾಜಿಯಾಗೋಕೆ 1976ರವರೆಗೆ ಕಾಯಬೇಕಾಯ್ತು. ಆಮೇಲೆ ಬೇರೆ ತಂಡಕ್ಕೆ ಹೋಗುವ ದಾರಿ ತೆರೀತು, ಸಂಬಳ ಏರಿತು, ಹಲವು ತಂಡಗಳು ನಷ್ಟಕ್ಕೆ ಬಿದ್ದವು. 1983ರಲ್ಲಿ ಎರಡೂ ಕಡೆಯವರು ಕೂತು ಒಪ್ಪಂದ ಮಾಡಿಕೊಂಡರು: ಆದಾಯದ ಶೇ. 53 ಆಟಗಾರರಿಗೆ, ಅದಕ್ಕೆ ಬದಲಾಗಿ ಪ್ರತಿ ತಂಡದ ಒಟ್ಟು ಸಂಬಳಕ್ಕೆ ಒಂದು ಮಿತಿ. ಇದೇ ಸ್ಯಾಲರಿ ಕ್ಯಾಪ್. 1984–85ರಲ್ಲಿ ಆ ಮಿತಿ 36 ಲಕ್ಷ ಡಾಲರ್. ಇವತ್ತು ಅಷ್ಟು ದುಡ್ಡಿಗೆ ಒಬ್ಬ ಸಾಧಾರಣ ಆಟಗಾರ ಸಿಕ್ಕರೆ ಹೆಚ್ಚು.

ಜನ ಇದನ್ನ ಆಟಗಾರರ ದುರಾಸೆಗೆ ಹಾಕಿದ ಕಡಿವಾಣ ಅಂದ್ಕೋತಾರೆ. ನನಗೆ ಹಾಗನ್ನಿಸಲ್ಲ. ಕಾಂಟ್ರ್ಯಾಕ್ಟ್‌ಗೆ ಸಹಿ ಹಾಕುವವರು ಮಾಲೀಕರೇ ಅಲ್ವಾ? ಕಡಿವಾಣ ಅವರ ಕೈಗೆ ಅವರೇ ಹಾಕಿಕೊಂಡಿದ್ದು. ಹಾಕಿಕೊಂಡ ಮೇಲೆ ಬಿಚ್ಚೋದು ಹೇಗೆ ಅಂತ ನಲವತ್ತು ವರ್ಷದಿಂದ ಹುಡುಕ್ತಾ ಇದ್ದಾರೆ, ಅಷ್ಟೇ.

ನ್ಯೂಯಾರ್ಕ್ ನಿಕ್ಸ್ 2001ರಲ್ಲಿ ಅಲನ್ ಹ್ಯೂಸ್ಟನ್ ಅವರಿಗೆ ಆರು ವರ್ಷಕ್ಕೆ 10 ಕೋಟಿ ಡಾಲರ್ ಬರೆದುಕೊಟ್ಟಿತು. ಅವರ ಮಂಡಿ ಕೈಕೊಟ್ಟಿತು. ಇಲ್ಲಿ ಬಹುತೇಕ ಕಾಂಟ್ರ್ಯಾಕ್ಟ್‌ಗಳು ಗ್ಯಾರಂಟಿ, ಮಂಡಿ ಹೋದರೂ ಸಂಬಳ ನಿಲ್ಲಲ್ಲ. 2005ರ ಹೊಸ ಒಪ್ಪಂದದಲ್ಲಿ ಒಂದು ಬಾಗಿಲು ತೆರೆದರು: ಪ್ರತಿ ತಂಡ ಒಬ್ಬ ಆಟಗಾರನನ್ನು ಕೈಬಿಡಬಹುದು, ಅವನಿಗೆ ಸಂಬಳ ಕೊಡಲೇಬೇಕು, ಆದರೆ ಅದಕ್ಕೆ ಲೀಗಿನ ಲಕ್ಷುರಿ ಟ್ಯಾಕ್ಸ್ ಬೀಳಲ್ಲ. ಎಲ್ಲರೂ ಇದಕ್ಕೆ ‘ಅಲನ್ ಹ್ಯೂಸ್ಟನ್ ರೂಲ್’ ಅಂತ ಹೆಸರಿಟ್ಟರು. ತಮಾಷೆ ನೋಡಿ, ನಿಕ್ಸ್ ಅದನ್ನು ಬಳಸಿದ್ದು ಜೆರೋಮ್ ವಿಲಿಯಮ್ಸ್ ಮೇಲೆ. ಹ್ಯೂಸ್ಟನ್ ಅದೇ ಅಕ್ಟೋಬರ್‌ನಲ್ಲಿ ತಾವಾಗಿಯೇ ನಿವೃತ್ತಿ ಹೇಳಿದರು. ಡಲ್ಲಾಸ್ ಕೈಬಿಟ್ಟ ಮೈಕೆಲ್ ಫಿನ್ಲಿ ಪಕ್ಕದ ಸ್ಯಾನ್ ಆಂಟೋನಿಯೋ ಸೇರಿ 2007ರಲ್ಲಿ ಚಾಂಪಿಯನ್ ಆದರು. 2011ರ ಲಾಕೌಟ್ ನಂತರ ಇದೇ ಬಾಗಿಲನ್ನು ಇನ್ನೂ ಅಗಲ ಮಾಡಿದರು, ಈ ಸಲ ಕ್ಯಾಪ್ ಲೆಕ್ಕದಿಂದಲೂ ಹೆಸರು ಅಳಿಸಬಹುದಿತ್ತು. 11.1 ಕೋಟಿಯ ಗಿಲ್ಬರ್ಟ್ ಅರೀನಾಸ್ ಒರ್ಲಾಂಡೋದಿಂದ ಹೋಗಿದ್ದು ಹಾಗೆ.

ಅದೇ ಒಪ್ಪಂದದಲ್ಲಿ ಇನ್ನೊಂದು ಉಪಾಯ ಬಂತು: ಸ್ಟ್ರೆಚ್. ಬಾಕಿ ಇರುವ ವರ್ಷಗಳನ್ನು ಎರಡರಷ್ಟು ಮಾಡಿ, ಒಂದು ಸೇರಿಸಿ, ಅಷ್ಟು ವರ್ಷಕ್ಕೆ ಸಾಲವನ್ನು ಹಂಚೋದು. ನಮ್ಮ ಇಎಂಐ ಥರಾನೇ. ಎರಡು ವರ್ಷ ಬಾಕಿ ಇದ್ದರೆ ಐದು ಕಂತು.

ನಿಜವಾದ ಹುಚ್ಚಾಟ 2016ರದ್ದು. 2,400 ಕೋಟಿ ಡಾಲರಿನ ಹೊಸ ಟಿವಿ ಒಪ್ಪಂದ ಶುರುವಾಗಿ ಕ್ಯಾಪ್ ಒಂದೇ ವರ್ಷದಲ್ಲಿ 7 ಕೋಟಿಯಿಂದ 9.4 ಕೋಟಿಗೆ ಹಾರಿತು. ಏರಿಕೆಯನ್ನು ಹಂತಹಂತವಾಗಿ ಮಾಡೋಣ ಅಂತ ಲೀಗ್ ಕೇಳಿತ್ತು, ಸಂಘ ಒಪ್ಪಲಿಲ್ಲ. ಆ ಜುಲೈನಲ್ಲಿ ಲೇಕರ್ಸ್ ಟಿಮೊಫೆ ಮೊಜ್‌ಗೊವ್ ಅವರಿಗೆ ನಾಲ್ಕು ವರ್ಷಕ್ಕೆ 6.4 ಕೋಟಿ, ಡೆಂಗ್ ಅವರಿಗೆ 7.2 ಕೋಟಿ ಕೊಟ್ಟಿತು. ವರ್ಷ ತುಂಬುವುದರೊಳಗೆ ತಪ್ಪು ಗೊತ್ತಾಯ್ತು. ಅಪ್ರೈಸಲ್ ಹೊತ್ತಿಗೆ ಆ ಸಹಿ ಹಾಕಿದ ಮ್ಯಾನೇಜರ್‌ಗಳೂ ಕುರ್ಚಿಯಲ್ಲಿರಲಿಲ್ಲ ಅನ್ನಿ.

ಮೊಜ್‌ಗೊವ್ ಸಂಬಳ ಯಾರು ಹೊರ್ತಾರೆ? ಬ್ರೂಕ್ಲಿನ್ ಹೊರ್ತೀನಿ ಅಂತು, ಪುಕ್ಕಟೆ ಅಲ್ಲ. 2017ರ ಜೂನ್‌ನಲ್ಲಿ ಲೇಕರ್ಸ್ ಅವರ ಜೊತೆಗೆ ಡಿ’ಆಂಜೆಲೊ ರಸಲ್‌ನನ್ನೂ ಕೊಟ್ಟಿತು. 2015ರ ಡ್ರಾಫ್ಟ್‌ನಲ್ಲಿ ಎರಡನೆಯವನಾಗಿ ಆಯ್ಕೆಯಾದ, ಆಗ 21ರ ಹುಡುಗ. ಬದಲಿಗೆ ಬಂದಿದ್ದು ಒಂದೇ ವರ್ಷ ಬಾಕಿ ಇದ್ದ ಬ್ರೂಕ್ ಲೋಪೆಜ್ ಮತ್ತು ಒಂದು ಡ್ರಾಫ್ಟ್ ಆಯ್ಕೆ. ಮೂರು ವರ್ಷದ ಸಾಲ ಒಂದು ವರ್ಷಕ್ಕೆ ಇಳೀತು. 2018ರಲ್ಲಿ ಆ ಖಾಲಿ ಜಾಗಕ್ಕೆ ಲೆಬ್ರಾನ್ ಜೇಮ್ಸ್ ಬಂದರು.

ಮೊಜ್‌ಗೊವ್ ಅಲ್ಲಿಂದ ಷಾರ್ಲಟ್‌ಗೆ, ಕೆಲವೇ ದಿನಗಳಲ್ಲಿ ಒರ್ಲಾಂಡೋಗೆ. ಆ ವ್ಯವಹಾರದಲ್ಲಿ ಒರ್ಲಾಂಡೋ ಕಳಚಿಕೊಂಡಿದ್ದು ಬಿಸ್ಮಾಕ್ ಬಿಯೊಂಬೊ ಅವರ ಕಾಂಟ್ರ್ಯಾಕ್ಟನ್ನು, ಅದೂ 2016ರದ್ದೇ. ನಿನ್ನ ತಪ್ಪು ನನಗೆ, ನನ್ನ ತಪ್ಪು ನಿನಗೆ. ಒರ್ಲಾಂಡೋ ಪರ ಮೊಜ್‌ಗೊವ್ ಒಂದು ಮ್ಯಾಚೂ ಆಡಲಿಲ್ಲ. ಡೆಂಗ್ ಲೇಕರ್ಸ್‌ನ ಎರಡನೇ ಸೀಸನ್‌ನಲ್ಲಿ ಆಡಿದ್ದು ಒಂದೇ ಮ್ಯಾಚ್. 2018ರಲ್ಲಿ ಸ್ವಲ್ಪ ಹಣ ಬಿಟ್ಟುಕೊಟ್ಟು ಹೊರಬಿದ್ದರು, ಕೊನೆಯ ವರ್ಷದ ಬಾಕಿಯನ್ನು ತಂಡ ಮೂರು ಕಂತು ಮಾಡಿತು. ನಾನು ನೋಡಿದ 50 ಲಕ್ಷ ಅದರಲ್ಲಿ ಒಂದು ಕಂತು.

ಇದನ್ನ ಓದ್ತಾ ನನಗೆ ಹೊಟ್ಟೆಕಿಚ್ಚಾಗಿದ್ದು ನಿಜ. ನನ್ನ ಪ್ರಾಜೆಕ್ಟ್‌ಗೆ ಬೇಕಾದ್ದಕ್ಕಿಂತ ಹೆಚ್ಚು ಜನರನ್ನು ತಗೊಂಡಿದ್ದು ನಾನಲ್ಲ, ಅದರ ಬೆಲೆ ಕಟ್ಟಿದ್ದು ಮಾತ್ರ ನಾವು ಒಂಬತ್ತು ಜನ. ಆ ಆಟಗಾರರ ಸಂಬಳ ಉಳಿದಿದ್ದು ತಂಡದ ದಯೆಯಿಂದಲ್ಲ, ಸಂಘ ದಶಕಗಳ ಕಾಲ ಕೂತು ಬರೆಸಿಕೊಂಡ ಕಾಗದದಿಂದ. ನನ್ನ ಆಫರ್ ಲೆಟರ್‌ನ ನೋಟಿಸ್ ಪೀರಿಯಡ್ ಪ್ಯಾರಾ ನಾನು ಮೊದಲ ಸಲ ಪೂರ್ತಿ ಓದಿದ್ದು ಕೆಲಸ ಹೋದ ದಿನ.

ಸ್ಟ್ರೆಚ್ ಈಗ ಇನ್ನೂ ದೊಡ್ಡ ಮಟ್ಟಕ್ಕೆ ಹೋಗಿದೆ. 2025ರ ಜುಲೈನಲ್ಲಿ ಮಿಲ್ವಾಕಿ ತಂಡ, ಗಾಯಗೊಂಡಿದ್ದ ಡೇಮಿಯನ್ ಲಿಲರ್ಡ್ ಅವರ ಸುಮಾರು 11.3 ಕೋಟಿ ಡಾಲರನ್ನು ಐದು ವರ್ಷಕ್ಕೆ ಹಂಚಿ ಕಳಿಸಿಕೊಟ್ಟಿತು.

ರಸಲ್ ಏನಾದ ಅಂತ ಕೇಳ್ತೀರಾ? ಬ್ರೂಕ್ಲಿನ್‌ನಲ್ಲಿ 2019ಕ್ಕೆ ಆಲ್‌ಸ್ಟಾರ್ ಆದ. 2023ರ ಫೆಬ್ರವರಿಯಲ್ಲಿ ಲೇಕರ್ಸ್ ಅವನನ್ನು ವಾಪಸ್ ತಂದಿತು. 2024ರ ಡಿಸೆಂಬರ್‌ನಲ್ಲಿ, ಕಾಂಟ್ರ್ಯಾಕ್ಟ್ ಮುಗಿಯೋಕೆ ಆರು ತಿಂಗಳಿದ್ದಾಗ, ಲೆಕ್ಕ ಹೊಂದಿಸೋಕೆ ಅವನನ್ನು ಮತ್ತೆ ಟ್ರೇಡ್ ಮಾಡಿದರು. ಮತ್ತೆ ಬ್ರೂಕ್ಲಿನ್‌ಗೇ.