ಬೇಗಂಪೇಟೆ ಮತ್ತು ಜಹೀರಾಬಾದ್: ದಖನ್ನಿನಲ್ಲಿ ನ್ಯಾಯಯುತ ವ್ಯಾಪಾರದ ಚರಿತ್ರೆ

ಹುಸೇನಸಾಗರದ ವಾಯವ್ಯಕ್ಕೆ, ಹೈದರಾಬಾದು ಮತ್ತು ಸಿಕಂದರಾಬಾದುಗಳ ನಡುವೆ ಬೆಳೆದ ಬೇಗಂಪೇಟೆಗೆ ಆ ಹೆಸರು ಬಂದದ್ದು ನಿಜಾಮರ ಮಗಳಾದ ಬಷೀರುನ್ನಿಸಾ ಬೇಗಂ ಅವರಿಂದ. ಆಕೆ ಪಾಯಿಗಾ ಮನೆತನದ ಅಮೀರರನ್ನು ವಿವಾಹವಾದಾಗ ಈ ನೆಲವು ಬಳುವಳಿಯಾಗಿ ಬಂತೆಂಬ ಪ್ರತೀತಿ ಇದೆ. ನಿಜಾಮರಿಗಾಗಿ ಸೈನ್ಯವನ್ನು ಸಾಕುವ ಹೊಣೆ ಹೊತ್ತು, ಅದರ ವೆಚ್ಚಕ್ಕೆಂದು ಜಾಗೀರುಗಳನ್ನು ಪಡೆದಿದ್ದ ಸರದಾರರ ಮನೆತನವೇ ಪಾಯಿಗಾ. ಈ ಜಾಗೀರುಗಳು ಅಂದಿನ ಬೀದರ್ ಜಿಲ್ಲೆಯ ಚಿಟಗುಪ್ಪ, ನಾರಾಯಣಖೇಡಗಳವರೆಗೆ ಹರಡಿದ್ದವು. ಬೀದರಿಗೆ ಸುಮಾರು 30 ಕಿಲೋಮೀಟರ್ ದೂರದಲ್ಲಿರುವ ಜಹೀರಾಬಾದ್ ಪಟ್ಟಣದ ಹೆಸರೂ ಇದೇ ಮನೆತನದ ನವಾಬರೊಬ್ಬರದು. 1949ರಲ್ಲಿ ಜಾಗೀರುಗಳು ರದ್ದಾಗುವವರೆಗೆ ಆ ಹೊಲಗಳ ಹುಟ್ಟುವಳಿಯ ಪಾಲು ಪಾಯಿಗಾ ಅಮೀರರ ಖಜಾನೆಗೆ ಸಲ್ಲುತ್ತಿತ್ತು. ಅದಾಗಿ ಮೂರೂವರೆ ದಶಕ ಕಳೆಯುವಷ್ಟರಲ್ಲಿ ಇವೇ ಎರಡು ಸ್ಥಳಗಳ ನಡುವೆ ಇನ್ನೊಂದು ನಂಟು ಹುಟ್ಟಿತು. ಅದನ್ನು ಕಟ್ಟಿದವರು ಹೆಚ್ಚಾಗಿ ದಲಿತ ಮಹಿಳೆಯರು ಎಂಬುದು ಆ ನಂಟಿನ ಚರಿತ್ರೆಯನ್ನು ಬರೆದಿಡಲು ಸಾಕಷ್ಟು ಕಾರಣವಾಗಿದೆ.

ನ್ಯಾಯಯುತ ವ್ಯಾಪಾರವೆಂದರೆ ಉತ್ಪಾದಕರಿಗೆ ಅವರ ಶ್ರಮಕ್ಕೆ ತಕ್ಕ ಬೆಲೆಯನ್ನು ಖಾತರಿಪಡಿಸುವ, ಬೆಲೆಯ ತೀರ್ಮಾನದಲ್ಲಿ ಅವರಿಗೂ ಮಾತು ಇರುವ ಕೊಡುಕೊಳ್ಳುವಿಕೆ. ಯುರೋಪಿನಲ್ಲಿ ಇದರ ಮೊದಲ ಗುರುತುಚೀಟಿ 1988ರಲ್ಲಿ ನೆದರ್ಲೆಂಡ್ಸ್ ದೇಶದಲ್ಲಿ, ಮೆಕ್ಸಿಕೋದ ಸಣ್ಣ ರೈತರ ಕಾಫಿಗಾಗಿ ರೂಪುಗೊಂಡಿತು. 2000ದಲ್ಲಿ ಇಂಗ್ಲೆಂಡಿನ ಲ್ಯಾಂಕಶೈರ್ ಪ್ರಾಂತ್ಯದ ಗಾರ್ಸ್ಟಾಂಗ್ ಎಂಬ ಪುಟ್ಟ ಪಟ್ಟಣದ ನಿವಾಸಿಗಳು ತಮ್ಮ ಊರನ್ನು ನ್ಯಾಯಯುತ ವ್ಯಾಪಾರದ ಪಟ್ಟಣವೆಂದು ಘೋಷಿಸಿ, ಅಂಗಡಿ, ಶಾಲೆ, ಚರ್ಚುಗಳಲ್ಲೆಲ್ಲ ಅಂಥ ಸರಕನ್ನೇ ಬಳಸುವಂತೆ ಪ್ರಚಾರ ನಡೆಸಿದರು. ಆ ಮಾದರಿ ಮುಂದೆ ಅನೇಕ ದೇಶಗಳಿಗೆ ಹಬ್ಬಿತು. ಕೊಳ್ಳುವವರ ಊರಿನಲ್ಲಿ ಹುಟ್ಟಿ, ಬೆಳೆಯುವವರ ಕಡೆಗೆ ಕೈ ಚಾಚಿದ ಆಂದೋಲನ ಅದು. ದಖನ್ನಿನಲ್ಲಿ ನಡೆದದ್ದು ಇದರ ವಿಲೋಮ: ಬೆಳೆಯುವವರು ಮೊದಲು ತಮ್ಮ ಕಣಜವನ್ನು ತಾವೇ ಕಟ್ಟಿಕೊಂಡರು, ಪಟ್ಟಣದ ಗುಂಪುಗಳು ಅನಂತರ ಬಂದು ಅವರೊಡನೆ ಸೇರಿದವು. ಈ ಅನುಕ್ರಮವೇ ಇಲ್ಲಿನ ಪ್ರಯತ್ನಕ್ಕೆ ಬಾಳಿಕೆ ಕೊಟ್ಟಿತೆಂದು ಧಾರಾಳವಾಗಿ ಹೇಳಬಹುದು.

ನಿಜಾಮರ ಕಾಲದ ಬೀದರ್ ಜಿಲ್ಲೆಯಲ್ಲಿ ಕನ್ನಡ, ತೆಲುಗು, ಮರಾಠಿ ಮೂರೂ ಭಾಷೆಗಳು ಹಾಸುಹೊಕ್ಕಾಗಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಯಾದಾಗ ಜಿಲ್ಲೆಯ ಒಂದು ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ನಿರ್ಣಾ ವೃತ್ತವೊಂದನ್ನು ಬಿಟ್ಟು ಜಹೀರಾಬಾದ್ ತಾಲ್ಲೂಕು, ಅದರೊಡನೆ ನ್ಯಾಲಕಲ್ ವೃತ್ತ ಮತ್ತು ನಾರಾಯಣಖೇಡ ತಾಲ್ಲೂಕುಗಳು ಆಂಧ್ರಪ್ರದೇಶದ ಮೇದಕ್ ಜಿಲ್ಲೆಯ ಪಾಲಾದವು. ಗಡಿ ಬದಲಾದರೂ ಮಣ್ಣು ಬದಲಾಗಲಿಲ್ಲ. ಗಡಿಯ ಎರಡೂ ಕಡೆ ಕೆಂಪು ಜಂಬುಮಣ್ಣು ಮತ್ತು ಎರೆಭೂಮಿ, ಮಳೆಯನ್ನೇ ನಂಬಿದ ಬೇಸಾಯ, ಜೋಳದ ರೊಟ್ಟಿಯ ಊಟ ಹಾಗೆಯೇ ಉಳಿದವು. ಸಾಹುಕಾರಿಕೆಯೂ ಉಳಿಯಿತು. ಬಿತ್ತನೆಯ ತಿಂಗಳುಗಳಲ್ಲಿ ಮನೆಯ ಕಾಳು ತೀರಿದಾಗ ಸಾಹುಕಾರನಿಂದ ಸಾಲ ತಂದು, ಸುಗ್ಗಿಯಲ್ಲಿ ಬೆಲೆ ಇಳಿದಿರುವಾಗ ಅದನ್ನು ಬಡ್ಡಿಸಮೇತ ಕಾಳಿನಲ್ಲೇ ಅಳೆದುಕೊಡುವ ಪದ್ಧತಿಯಲ್ಲಿ ಬಡ ರೈತರ ಬೆಳೆ ಕಣದಿಂದಲೇ ಕೈತಪ್ಪುತ್ತಿತ್ತು. ಅಡತಿ ಅಂಗಡಿಗಳಲ್ಲಿ, ಅಂದರೆ ರೈತರ ಮಾಲನ್ನು ದಲಾಲಿಯ ಮೇಲೆ ಮಾರಿಕೊಡುವ ಮಳಿಗೆಗಳಲ್ಲಿ, ಹಮಾಲಿ, ತೂಕ, ಧರ್ಮಾದಾಯ ಎಂಬ ಹೆಸರುಗಳಲ್ಲಿ ನಡೆಯುತ್ತಿದ್ದ ಕಡಿತಗಳಿಗೆ ಕಡಿವಾಣ ಹಾಕಲು ನಿಜಾಮ್ ಸರ್ಕಾರವು 1930ರಲ್ಲಿ ಕೃಷಿ ಮಾರುಕಟ್ಟೆಗಳ ಕಾಯಿದೆಯನ್ನು ತಂದಿತು. ಕಾಯಿದೆ ಒಳ್ಳೆಯದೇ ಆಗಿತ್ತು, ಆದರೆ ಅದರ ರಕ್ಷಣೆ ಮಾರುಕಟ್ಟೆಯ ಅಂಗಳಕ್ಕೆ ಬಂಡಿ ತರಬಲ್ಲವರಿಗೆ ಮಾತ್ರ ದೊರೆಯುವಂಥದು. ಹತ್ತು ಪಾಯಲಿ ಜೋಳ ಬೆಳೆದು ಊರಲ್ಲೇ ಸಾಲ ತೀರಿಸುವ ಕೂಲಿಕಾರ್ತಿಯ ಬಳಿಗೆ ಅದು ಬರಲಿಲ್ಲ.

1983ರಲ್ಲಿ ಆಂಧ್ರಪ್ರದೇಶ ಸರ್ಕಾರವು ಕಿಲೋಗೆ 2 ರೂಪಾಯಿಯಂತೆ ಪಡಿತರ ಅಕ್ಕಿ ಕೊಡುವ ಯೋಜನೆಯನ್ನು ಆರಂಭಿಸಿತು. ಹಸಿದವರಿಗೆ ಅದು ದೊಡ್ಡ ಆಸರೆಯಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಅಕ್ಕಿ ಬರುತ್ತಿದ್ದುದು ನೀರಾವರಿ ಪ್ರದೇಶಗಳಿಂದ. ಒಣನೆಲದ ಜೋಳ, ಸಜ್ಜೆ, ನವಣೆಗಳಿಗೆ ಪಡಿತರದಲ್ಲಿ ಸ್ಥಾನವೇ ಇರಲಿಲ್ಲ. ಅಗ್ಗದ ಅಕ್ಕಿ ಮನೆಬಾಗಿಲಿಗೆ ಬಂದಾಗ ಕಲ್ಲುನೆಲದಲ್ಲಿ ಜೋಳ ಬೆಳೆಯುವ ಖರ್ಚು ಹೊರೆಯಾಗಿ ಕಂಡಿತು, ಹೊಲಗಳು ಬೀಳುಬಿದ್ದವು, ಹೊಲ ಬೀಳುಬಿದ್ದಲ್ಲಿ ಕೂಲಿಯೂ ಇಲ್ಲವಾಯಿತು. ನ್ಯಾಯಬೆಲೆ ಅಂಗಡಿಯು ಕೊಳ್ಳುವವರನ್ನು ಕಾಯ್ದು, ಅದೇ ಊರಿನ ಬೆಳೆಯುವವರನ್ನು ಕೈಬಿಟ್ಟ ಈ ಪರಿಸ್ಥಿತಿಯನ್ನು ಗಮನಿಸದೆ ಮುಂದಿನ ಪ್ರಯತ್ನದ ಅರ್ಥ ತಿಳಿಯದು.

ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆ ಜಹೀರಾಬಾದ್ ಬಳಿಯ ಪಸ್ತಾಪುರದಲ್ಲಿ ಕೆಲಸ ಆರಂಭಿಸಿದ್ದೂ 1983ರಲ್ಲೇ. ಅದರ ಸ್ಥಾಪಕರಲ್ಲಿ ಪ್ರಮುಖರಾದ ಪಿ. ವಿ. ಸತೀಶ್ (1945–2023) ಮೈಸೂರಿನವರು, ಪಿರಿಯಾಪಟ್ಟಣವನ್ನು ಹೆಸರಿನಲ್ಲೇ ಹೊತ್ತವರು; ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕರಾಗಿದ್ದು, 1975–76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟೆಲಿವಿಷನ್ ತಲುಪಿಸಿದ ಪ್ರಯೋಗದಲ್ಲಿ ದುಡಿದಿದ್ದರು. ಸಂಸ್ಥೆಯ ಬೆನ್ನೆಲುಬಾದವು ಹಳ್ಳಿಯ ಮಹಿಳಾ ಸಂಘಗಳು. ಕಾಲಕ್ರಮದಲ್ಲಿ ಸುಮಾರು 75 ಹಳ್ಳಿಗಳ ಸುಮಾರು 5,000 ಮಹಿಳೆಯರು ಇವುಗಳಲ್ಲಿ ಸೇರಿದರು. ಅವರಲ್ಲಿ ಬಹುಪಾಲು ದಲಿತರು, ಭೂಸುಧಾರಣೆಯಲ್ಲಿ ಯಾರಿಗೂ ಬೇಡವಾದ ಕಲ್ಲುನೆಲದ ತುಂಡುಗಳನ್ನು ಪಡೆದ ಕುಟುಂಬಗಳವರು.

ಈ ಸಂಘಗಳ ಸಾಧನೆಗಳಲ್ಲಿ ಹೆಚ್ಚು ವಿವರಣೆಗೆ ಅರ್ಹವಾದದ್ದು 1990ರ ದಶಕದ ನಡುವೆ, ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯದ ನೆರವಿನೊಂದಿಗೆ ರೂಪುಗೊಂಡ ಸಮುದಾಯ ಧಾನ್ಯನಿಧಿ. ಸುಮಾರು 30 ಹಳ್ಳಿಗಳಲ್ಲಿ ಎರಡೂವರೆ ಸಾವಿರ ಎಕರೆಗೂ ಮೀರಿದ ಬೀಳುಭೂಮಿಯನ್ನು ಆರಿಸಿ, ಉಳುಮೆಗೆ, ಗೊಬ್ಬರಕ್ಕೆ, ಬೀಜಕ್ಕೆ ಬೇಕಾದ ಹಣವನ್ನು ಸಂಘಗಳ ಮೂಲಕ ಸಾಲವಾಗಿ ಕೊಡಲಾಯಿತು. ಸಾಲವನ್ನು ಹಣದಲ್ಲಿ ತೀರಿಸಬೇಕಾಗಿರಲಿಲ್ಲ. ಹಲವು ವರ್ಷಗಳ ಕಂತುಗಳಲ್ಲಿ, ಅದೇ ಹೊಲದ ಜೋಳದಲ್ಲಿ ತೀರಿಸಿದರೆ ಸಾಕಿತ್ತು. ಸಾಹುಕಾರನ ಮನೆಯಲ್ಲೂ ಸಾಲವು ಕಾಳಿನಲ್ಲೇ ತೀರುತ್ತಿದ್ದುದರಿಂದ ಹೊರನೋಟಕ್ಕೆ ಎರಡೂ ಒಂದೇ ಎನಿಸಬಹುದು, ಆದರೆ ಇಲ್ಲಿ ಕೊಟ್ಟ ಕಾಳು ಊರಿನ ಉಗ್ರಾಣದಲ್ಲೇ ಉಳಿಯುತ್ತಿತ್ತು, ಅದರ ಮೇಲಿನ ಅಧಿಕಾರ ಸಂಘದ ಮಹಿಳೆಯರದಾಗಿತ್ತು, ಕಾಳು ತೀರಿದ ತಿಂಗಳುಗಳಲ್ಲಿ ಅದು ಮಾರುಕಟ್ಟೆಗಿಂತ ಕಡಿಮೆ ಬೆಲೆಗೆ ಅದೇ ಊರಿನ ಬಡವರಿಗೆ ಸಿಗುತ್ತಿತ್ತು. ಯಾರಿಗೆ ಎಷ್ಟು ಎಂಬುದನ್ನು ಸರ್ಕಾರಿ ಪಟ್ಟಿ ನಿರ್ಧರಿಸಲಿಲ್ಲ. ಊರವರು ನೆಲದ ಮೇಲೆ ರಂಗೋಲಿಯಲ್ಲಿ ಊರಿನ ನಕ್ಷೆ ಬಿಡಿಸಿ, ಮನೆಮನೆಯ ಸ್ಥಿತಿಯನ್ನು ಎಲ್ಲರೆದುರು ಚರ್ಚಿಸಿ, ಬಡತನದ ಮಟ್ಟಗಳನ್ನು ತಾವೇ ಗುರುತಿಸಿದರು. ಅತಿ ಬಡವರ ಚೀಟಿಗೆ ಹೆಚ್ಚು ಜೋಳ, ತುಸು ಅನುಕೂಲವಿದ್ದವರಿಗೆ ಕಡಿಮೆ. ಯಾರ ಮನೆಯ ಒಲೆ ಯಾವ ತಿಂಗಳಲ್ಲಿ ಹತ್ತುವುದಿಲ್ಲವೆಂಬುದು ನೆರೆಯವರಿಗೆ ಗೊತ್ತಿರುವಷ್ಟು ಯಾವ ಕಚೇರಿಗೂ ಗೊತ್ತಿರಲಾರದೆಂಬ ತಿಳಿವಳಿಕೆಯೇ ಈ ಕ್ರಮಕ್ಕೆ ಆಧಾರ. ಬೀಜದ ವಿಷಯದಲ್ಲೂ ಇದೇ ನೀತಿ ನಡೆಯಿತು: ಮಣ್ಣು, ಸಗಣಿ ಸಾರಿಸಿದ ಬುಟ್ಟಿಗಳಲ್ಲಿ ಬೂದಿ ಮತ್ತು ಬೇವಿನೆಲೆಯೊಡನೆ ಕಾಪಿಟ್ಟ ಹತ್ತಾರು ತಳಿಗಳನ್ನು ಬಿತ್ತನೆಗೆ ಒಯ್ದವರು ಸುಗ್ಗಿಯಲ್ಲಿ ಹೆಚ್ಚಳದೊಡನೆ ಬೀಜವನ್ನೇ ಹಿಂದಿರುಗಿಸುತ್ತಿದ್ದರು.

ಊರಿನ ಹಸಿವು ನೀಗಿ ಕಾಳು ಮಿಗತೊಡಗಿದ ಮೇಲೆಯೇ ಮಾರಾಟದ ಪ್ರಶ್ನೆ ಎದ್ದಿತು. ಸಂಘಗಳ ಸದಸ್ಯೆಯರು ಪಾಲುಹಣ ಹಾಕಿ ಜಹೀರಾಬಾದಿನಲ್ಲಿ ತಮ್ಮದೇ ಮಾರಾಟ ವ್ಯವಸ್ಥೆಯನ್ನು ಕಟ್ಟಿಕೊಂಡರು. ಚಾಲ್ತಿಯ ಮಾರುಕಟ್ಟೆಯಿಂದ ಎದ್ದು ಹೊರನಡೆದವರ ಮಾರುಕಟ್ಟೆ ಎಂದು ಅದು ತನ್ನನ್ನು ಕರೆದುಕೊಂಡಿತು. ಬೆಳೆದವರಿಗೆ ಮಂಡಿಯ ಧಾರಣೆಗಿಂತ ಹೆಚ್ಚಿನ ಬೆಲೆ, ಕೊಳ್ಳುವುದರಲ್ಲಿ ಸದಸ್ಯೆಯರಿಗೆ ಮೊದಲ ಹಕ್ಕು, ಮಿಕ್ಕದ್ದು ಮಾತ್ರ ಹೊರಗಿನವರಿಗೆ ಎಂಬುದು ಅದರ ನೀತಿ. ಈ ನೀತಿಯ ಹಿಂದಿರುವ ವಿವೇಕ ದೊಡ್ಡದು. ನಗರದ ಬೇಡಿಕೆಗಾಗಿಯೇ ಬೆಳೆದಿದ್ದರೆ ಬೆಲೆ ಸಿಗುವ ಒಂದೆರಡು ಧಾನ್ಯಗಳು ಮಾತ್ರ ಹೊಲದಲ್ಲಿ ಉಳಿದು, ತೊಗರಿ, ಸಾಮೆ, ಹಾರಕ, ಅಲಸಂದೆ, ಎಳ್ಳುಗಳು ಒಂದರ ಪಕ್ಕ ಒಂದು ಬೆಳೆಯುವ ಅಕ್ಕಡಿ ಪದ್ಧತಿಯು ಕಳೆದುಹೋಗುತ್ತಿತ್ತು. ಅಕ್ಕಡಿ ಎಂದರೆ ಒಂದೇ ಹೊಲದಲ್ಲಿ ಹಲವು ಬೆಳೆಗಳನ್ನು ಸಾಲುಸಾಲಾಗಿ ಬೆರೆಸಿ ಬಿತ್ತುವ ಕ್ರಮ, ಮಳೆ ಕೈಕೊಟ್ಟರೂ ಯಾವುದಾದರೊಂದು ಬೆಳೆ ಕೈಗೆ ಹತ್ತುವ ಭರವಸೆ.

ಪಟ್ಟಣದವರು ಪ್ರವೇಶಿಸುವುದು ಈ ಹಂತದಲ್ಲಿ. ಜಹೀರಾಬಾದಿನ ಬಳಕೆದಾರರು ಗುಂಪು ಕೂಡಿ, ಸುತ್ತಲ ಹಳ್ಳಿಗಳ ಧಾನ್ಯವನ್ನು ಸಂಘದವರಿಂದಲೇ ಕೊಳ್ಳತೊಡಗಿದರು; ಸಂಸ್ಥೆ ನಡೆಸಿದ ಸಿರಿಧಾನ್ಯದ ಹೋಟೆಲು ಜೋಳ, ನವಣೆಗಳನ್ನು ಬಡವರ ಕೂಳೆಂದು ಕೀಳಾಗಿ ಕಾಣುತ್ತಿದ್ದವರ ತಟ್ಟೆಗೂ ಮುಟ್ಟಿಸಿತು. ಧಾನ್ಯ ತುಂಬಿದ ವಾಹನವು ಹೆದ್ದಾರಿಯಲ್ಲಿ ಸುಮಾರು 100 ಕಿಲೋಮೀಟರ್ ಸಾಗಿ ಹೈದರಾಬಾದಿನ ಬಡಾವಣೆಗಳಿಗೆ ಬರತೊಡಗಿತು. ಸಂಸ್ಥೆಯ ನಗರ ಕಚೇರಿ ಇದ್ದದ್ದು ಬೇಗಂಪೇಟೆಯಲ್ಲಿ. ಪಡಿತರ ನೀತಿ, ಬೀಜದ ಹಕ್ಕು, ಸಿರಿಧಾನ್ಯಗಳ ಬಗೆಗೆ ಸರ್ಕಾರದೊಡನೆ, ಪತ್ರಿಕೆಗಳೊಡನೆ ನಡೆದ ವ್ಯವಹಾರಕ್ಕೆ ಆ ವಿಳಾಸವು ನೆಲೆಯಾಯಿತು.

ಕೊಳ್ಳುವವರಿಗೆ ನಂಬಿಕೆ ಹುಟ್ಟಬೇಕಾದರೆ ಧಾನ್ಯವು ವಿಷಮುಕ್ತವೆಂದು ಯಾರಾದರೂ ಹೇಳಬೇಕಿತ್ತು. ಹೊರಗಿನ ಪರಿವೀಕ್ಷಕರು ಬಂದು ಶುಲ್ಕ ಪಡೆದು ನೀಡುವ ಪ್ರಮಾಣಪತ್ರವು ರಫ್ತಿನ ಬೆಳೆಗಾರರಿಗೆ ಹೊಂದುತ್ತದೆ, ಎರಡೆಕರೆಯ ರೈತಮಹಿಳೆಗೆ ಅದು ಎಟುಕದು. ಇದಕ್ಕೆ ಪರ್ಯಾಯವಾಗಿ ಬಂದದ್ದು ಸಹಭಾಗಿ ಖಾತರಿ ವ್ಯವಸ್ಥೆ: ಒಂದೇ ಊರಿನ ರೈತರು ಗುಂಪಾಗಿ ಪ್ರತಿಜ್ಞೆ ಮಾಡಿ, ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸಿ, ತಪ್ಪಿದವರನ್ನು ತಾವೇ ಹೊರಗಿಡುವ ಕ್ರಮ. 2006ರಿಂದ ಇದನ್ನು ದೇಶಮಟ್ಟದಲ್ಲಿ ಕಟ್ಟಿದ ಸ್ವಯಂಸೇವಾ ಸಂಸ್ಥೆಗಳಲ್ಲಿ ಪಸ್ತಾಪುರದ ಸಂಸ್ಥೆಯೂ, ಅಂದಿನ ಅನಂತಪುರ ಜಿಲ್ಲೆಯ ಚೆನ್ನೆಕೊತ್ತಪಲ್ಲಿಯ ತಿಂಬಕ್ಟು ಕಲೆಕ್ಟಿವ್ ಕೂಡ ಸೇರಿದ್ದವು.

ಬೇಗಂಪೇಟೆಗೆ ಬಂದದ್ದು ಧಾನ್ಯವೊಂದೇ ಅಲ್ಲ. ದೆಹಲಿಯ ದಸ್ತಕಾರ್ ಸಂಸ್ಥೆಯ ಶಾಖೆಯಾಗಿ 1989ರಲ್ಲಿ ಆರಂಭವಾಗಿ, 1995ರಲ್ಲಿ ಸ್ವತಂತ್ರ ಟ್ರಸ್ಟ್ ಆದ ದಸ್ತಕಾರ್ ಆಂಧ್ರ, ಉಜ್ರಮ್ಮ ಅವರ ಮುಂದಾಳುತನದಲ್ಲಿ ಕೈಮಗ್ಗದ ಸಹಕಾರ ಸಂಘಗಳೊಡನೆ ದುಡಿಯಿತು. ಅಂದಿನ ಆದಿಲಾಬಾದ್ ಜಿಲ್ಲೆಯ ಚಿನ್ನೂರಿನಲ್ಲಿ ನೈಸರ್ಗಿಕ ಬಣ್ಣಗಾರಿಕೆಯನ್ನು ನೇಕಾರರೊಡನೆ ಮತ್ತೆ ರೂಢಿಗೆ ತಂದದ್ದು ಅದರ ಆರಂಭದ ಕೆಲಸಗಳಲ್ಲೊಂದು. ಸರ್ಕಾರವು 1976ರಿಂದ ನಡೆಸಿದ ಜನತಾ ಬಟ್ಟೆ ಯೋಜನೆಯು ಮಗ್ಗಕ್ಕೆ ಕೆಲಸ ಕೊಟ್ಟಿತಾದರೂ ನೇಕಾರರನ್ನು ಅಗ್ಗದ ಒರಟು ಬಟ್ಟೆಗೆ ಕಟ್ಟಿಹಾಕಿ, ಕೊಳ್ಳುವವರ ಅಭಿರುಚಿಯ ಪರಿಚಯವೇ ಅವರಿಗಿಲ್ಲದಂತೆ ಮಾಡಿತ್ತು. ಆ ಅಂತರವನ್ನು ತುಂಬಲು ಈ ಬಳಗದ ಮಾರಾಟ ವಿಭಾಗವು ಬೇಗಂಪೇಟೆಯಲ್ಲಿ ದಾರಂ ಎಂಬ ಮಳಿಗೆಯನ್ನು ತೆರೆಯಿತು. ತೆಲುಗಿನ ದಾರಂ ಕನ್ನಡದ ದಾರವೇ. ಕರ್ನಾಟಕದ ಓದುಗರಿಗೆ ಇಲ್ಲಿ ಸಾಗರ ತಾಲ್ಲೂಕಿನ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯಿಂದ ಬೆಳೆದ ಚರಕ ಸಂಘವೂ, ಅದರ ಬಟ್ಟೆಯನ್ನು ನಗರಗಳಲ್ಲಿ ಮಾರುವ ದೇಸಿ ಅಂಗಡಿಗಳೂ ನೆನಪಾಗುವುದು ಸಹಜ.

ಜಹೀರಾಬಾದ್ ಮತ್ತು ಬೇಗಂಪೇಟೆಗಳ ಈ ಪ್ರಯತ್ನಗಳ ಪರಿಣಾಮ ಸ್ಥಳೀಯವಾಗಿ ಮಾತ್ರ ಉಳಿಯಲಿಲ್ಲ. ಸತೀಶ್ ಅವರು ಕಟ್ಟಿದ ಸಿರಿಧಾನ್ಯ ಜಾಲ ಸೇರಿದಂತೆ ಅನೇಕ ಗುಂಪುಗಳ ಒತ್ತಾಯದ ನಡುವೆ ಬಂದ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಪಡಿತರದಲ್ಲಿ ಅಕ್ಕಿ, ಗೋಧಿಗಳೊಡನೆ ಒರಟು ಧಾನ್ಯಗಳನ್ನೂ ಹೆಸರಿಸಿತು. ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಘೋಷಿಸಿದ 2023ರ ಮಾರ್ಚ್‌ನಲ್ಲಿ ಸತೀಶ್ ನಿಧನರಾದರು. ಆ ವೇಳೆಗೆ ನವಣೆ, ಸಾಮೆಗಳು ಬೇಗಂಪೇಟೆಯಂಥ ಬಡಾವಣೆಗಳ ದೊಡ್ಡ ಮಳಿಗೆಗಳಲ್ಲಿ ಅಕ್ಕಿಗಿಂತ ದುಬಾರಿಯಾಗಿದ್ದವು. ಈ ಬೆಲೆಯಲ್ಲಿ ಬೆಳೆದವರಿಗೆ ಸಿಗುವ ಪಾಲೆಷ್ಟು ಎಂದು ಕೇಳುವ ಬಳಕೆದಾರರ ಗುಂಪುಗಳ ಹೊಣೆ ಈಗ ಮೊದಲಿಗಿಂತ ಹೆಚ್ಚಾಗಿದೆ. ಏಕೆಂದರೆ 2017ರ ಸಾವಯವ ಆಹಾರ ನಿಯಮಗಳು ಸಣ್ಣ ಬೆಳೆಗಾರರು ನೇರವಾಗಿ ಬಳಕೆದಾರರಿಗೆ ಮಾರಿದರೆ ಪ್ರಮಾಣಪತ್ರದಿಂದ ವಿನಾಯಿತಿ ಕೊಡುತ್ತವೆ, ಅದೇ ಧಾನ್ಯವು ಸಾವಯವವೆಂಬ ಹೆಸರಿನಲ್ಲಿ ಅಂಗಡಿಯ ಮೂಲಕ ಹೋದರೆ ಸರ್ಕಾರ ಮಾನ್ಯ ಮಾಡಿದ ಪ್ರಮಾಣಪತ್ರವನ್ನು ಕೇಳುತ್ತವೆ. ಸಂಘದ ಮಹಿಳೆಯರಿಂದ ನೇರವಾಗಿ ಕೊಳ್ಳುವ ಕೂಟಗಳು ನಗರದಲ್ಲಿ ಹೆಚ್ಚಿದಷ್ಟೂ ಆ ವಿನಾಯಿತಿ ಕಾಗದದಿಂದ ಇಳಿದು ಅವರ ಕೈಗೆ ದಕ್ಕುತ್ತದೆ.