ಅಜ್ಜಿಯ ಹೆಸರೇನು?

‘ಅಜ್ಜ’, ‘ಅಜ್ಜಿ’ ಜೋಡಿ ಪದಗಳು ಎನ್ನುತ್ತದೆ ವ್ಯಾಕರಣ. ಬಳಕೆ ಹಾಗೆನ್ನುವುದಿಲ್ಲ. ಎರಡನ್ನೂ ಸಂಸ್ಕೃತದ ‘ಆರ್ಯ’, ಪ್ರಾಕೃತದ ‘ಅಜ್ಜ’ದವರೆಗೆ ಒಯ್ದು ಮುಟ್ಟಿಸುವವರಿದ್ದಾರೆ, ಮಲಯಾಳದ ‘ಅಚ್ಚನ್’ ಪಕ್ಕ ಕೂರಿಸಿ, ಇವು ದ್ರಾವಿಡದವೇ ಎನ್ನುವವರೂ ಇದ್ದಾರೆ. ಹುಟ್ಟಿನ ಜಗಳ ಹೇಗೇ ಮುಗಿಯಲಿ, ಬೆಳೆದ ಮೇಲೆ ಇಬ್ಬರೂ ಹಿಡಿದ ದಾರಿ ಬೇರೆ. ಉತ್ತರ ಕರ್ನಾಟಕದಲ್ಲಿ ಅಜ್ಜ ಮನೆ ದಾಟಿ ಮಠ ಸೇರಿದ. ಅಲ್ಲಿ ಸ್ವಾಮಿಗಳು ‘ಅಜ್ಜಾರು’, ಕೊಪ್ಪಳದ ಗವಿಮಠದ ಜಾತ್ರೆ ‘ಅಜ್ಜನ ಜಾತ್ರೆ’, ಗದಗಿನ ಪುಟ್ಟರಾಜ ಗವಾಯಿಗಳು ‘ಪುಟ್ಟಯ್ಯಜ್ಜ’. ಮೊಮ್ಮಕ್ಕಳೇ ಇಲ್ಲದ ಸನ್ಯಾಸಿಗೂ ಅಜ್ಜನಾಗಲು ಅಡ್ಡಿಯಿಲ್ಲ. ಪ್ರಾಕೃತದಲ್ಲಿ ‘ಅಜ್ಜಾ’ ಎಂದರೆ ಜೈನ ಸನ್ಯಾಸಿನಿಯೂ ಹೌದು. ಆದರೆ ಕನ್ನಡದ ಅಜ್ಜಿಗೆ ಆ ಪೀಠ ದಕ್ಕಲಿಲ್ಲ. ಹುಟ್ಟಿದ ಗಂಡು ಕೂಸಿಗೆ ಅಜ್ಜಪ್ಪ, ಅಜ್ಜಯ್ಯ ಎಂದು ಹೆಸರಿಡುತ್ತಾರೆ. ಹೆಣ್ಣಿನ ಹೆಸರಿಗೆ ಅಕ್ಕ, ಅವ್ವ, ಅಮ್ಮ ಎಲ್ಲವೂ ಸಲೀಸಾಗಿ ಅಂಟುತ್ತವೆ: ತಿಮ್ಮಕ್ಕ, ಓಬವ್ವ, ನರಸಮ್ಮ. ‘ಅಜ್ಜಿ’ ಮಾತ್ರ ತೊಟ್ಟಿಲಿನ ಹತ್ತಿರ ಸುಳಿಯುವುದಿಲ್ಲ. ಅದು ತಡವಾಗಿ ಬರುವ ಪದ, ಬಂದ ಮೇಲೆ ಮೊದಲಿದ್ದ ಹೆಸರನ್ನು ನುಂಗಿಬಿಡುವ ಪದ. ಅಜ್ಜಿಯನ್ನು ನೆನೆದು ಬರೆದ ಎಷ್ಟೋ ಬರಹಗಳಲ್ಲಿ ಸಾರು, ಹಪ್ಪಳ, ಕತೆ, ಮಡಿಲು ಎಲ್ಲ ಇದ್ದೂ ಒಬ್ಬ ಹೆಂಗಸಿನ ಬದುಕು ಸಿಗದಿರುವುದಕ್ಕೆ ಈ ಪದವೂ ಒಂದು ಕಾರಣ ಎಂಬುದು ನನ್ನ ವಾದ.

ಹಿಂದಿಯ ದಾದಿ, ನಾನಿಯರಂತೆ ಅಪ್ಪನ ತಾಯಿ, ಅಮ್ಮನ ತಾಯಿ ಎಂಬ ಭೇದವನ್ನೂ ಈ ಪದ ಮಾಡುವುದಿಲ್ಲ. ಇಬ್ಬರನ್ನು ಬೇರ್ಪಡಿಸಲು ಮಕ್ಕಳು ಊರಿನ ಮೊರೆ ಹೋಗುತ್ತಾರೆ: ತುಮಕೂರಜ್ಜಿ, ಶಿವಮೊಗ್ಗದಜ್ಜಿ. ಹೆಸರು ಇರಬೇಕಾದ ಜಾಗದಲ್ಲಿ ಬಸ್ಸಿನ ಬೋರ್ಡು. ಇನ್ನೂ ದೊಡ್ಡ ಅನ್ಯಾಯವಾದದ್ದು ಅಡಗೂಲಜ್ಜಿಗೆ. ಅಡು, ಕೂಳು ಸೇರಿ ‘ಅಡುಗೂಳು’. ದಾರಿಹೋಕರಿಗೆ ಕೂಳು ಬೇಯಿಸಿ ಹಾಕಿ ಬದುಕುವವಳು ಅಡುಗೂಳಜ್ಜಿ. ಜನಪದ ಕತೆಗಳಲ್ಲಿ ದೇಶಾಂತರ ಹೊರಟ ರಾಜಕುಮಾರ ಪರ ಊರಿನಲ್ಲಿ ಇಳಿದುಕೊಳ್ಳುವುದು ಅವಳ ಮನೆಯಲ್ಲೇ. ಉಣ್ಣಲಿಕ್ಕುವವಳು, ಮಲಗಲು ಜಾಗ ಕೊಡುವವಳು, ಅರಮನೆಯ ಸುದ್ದಿ ತಿಳಿಸುವವಳು ಅವಳೇ. ಗಂಡನ ಆಸರೆಯಿಲ್ಲದೆ ಸ್ವಂತ ಕಸುಬಿನಿಂದ ಬದುಕಿದ ಹೆಂಗಸು. ಇಂದು ‘ಅಡಗೂಲಜ್ಜಿ ಕಥೆ’ ಎಂದರೆ ನಂಬಲಾಗದ ಹಳೇ ಪುರಾಣ. ಕಸುಬು ಮರೆತುಹೋಯಿತು, ಸುಳ್ಳಿನ ಆರೋಪ ಉಳಿಯಿತು. ಅಜ್ಜಿಯಿಲ್ಲದ ಮನೆ ಮಜ್ಜಿಗೆಯಿಲ್ಲದ ಊಟದಂತೆ ಎಂಬ ಗಾದೆ ಹೊಗಳುವುದೇನೋ ನಿಜ. ಆದರೆ ಹೊಗಳುತ್ತಲೇ ಅವಳನ್ನು ಊಟದ ಕೊನೆಗೆ ಬಡಿಸುತ್ತದೆ.

ಇದಕ್ಕೆ ಎದುರು ಮಾತುಗಳಿವೆ. ನಮ್ಮಲ್ಲಿ ಹಿರಿಯರನ್ನು ಹೆಸರು ಹಿಡಿದು ಕರೆಯುವುದಿಲ್ಲ; ಹೆಸರು ಮರೆಸುವುದು ಮರ್ಯಾದೆ, ಅವಗಣನೆಯಲ್ಲ ಎನ್ನಬಹುದು. ಒಪ್ಪುತ್ತೇನೆ, ಎದುರಿಗಿರುವಾಗ. ಆದರೆ ಕರೆಯುವುದು ಬೇರೆ, ನೆನೆಯುವುದು ಬೇರೆ. ಕರೆಗೆ ಸಾಕಾದ ಪದ ನೆನಪಿಗೆ ಸಾಲದು. ಅಪ್ಪ, ಅಜ್ಜ ಎಂಬ ಪದಗಳೂ ಹೆಸರನ್ನು ಮರೆಸುವುದಿಲ್ಲವೇ ಎಂದರೆ, ಮರೆಸುತ್ತವೆ. ಆದರೆ ಅಪ್ಪನ ಹೆಸರು ಮಕ್ಕಳ ಇನಿಷಿಯಲ್ಲಿನಲ್ಲಿ, ಅಜ್ಜನದು ಹಳೆಯ ಪಹಣಿಯಲ್ಲಿ ಕೂತಿರುತ್ತದೆ. ಮೊಮ್ಮಗಳಿಗೆ ಅಜ್ಜಿಯ ಹೆಸರನ್ನೇ ಇಡುವ ರೂಢಿ ಇದೆಯಲ್ಲ ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಇದೆ. ಅದರ ಮುಂದಿನ ಭಾಗವನ್ನೂ ನೋಡಬೇಕು: ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಆಡುವಂತಿಲ್ಲ. ಹಾಗಾಗಿ ಅದೇ ಹೆಸರಿನ ಮಗುವನ್ನು ಪುಟ್ಟಿ, ಚಿನ್ನಿ ಎಂದು ಕೂಗುತ್ತಾರೆ. ಹೆಸರು ಇಟ್ಟದ್ದೂ ಆಯಿತು, ಎತ್ತಿಟ್ಟದ್ದೂ ಆಯಿತು.

ಹಾಗೆಂದು ಪದವನ್ನು ಬಿಡಬೇಕಿಲ್ಲ. ಬೇರೆ ದಾರಿಯನ್ನು ನಮ್ಮ ಜನ ತಾವೇ ಕಂಡುಕೊಂಡಿದ್ದಾರೆ. ಅಂಕೋಲೆಯ ಬಡಿಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಊರವರಿಗೆ ‘ಸುಕ್ರಜ್ಜಿ’. ಚಳ್ಳಕೆರೆ ಸೀಮೆಯ ಗೊಲ್ಲರಹಟ್ಟಿಯಲ್ಲಿ ಸಾವಿರಾರು ಪದಗಳನ್ನು ನೆನಪಿನಿಂದಲೇ ಹಾಡಿದವರು ‘ಸಿರಿಯಜ್ಜಿ’. ಒಂದರಲ್ಲಿ ಲೋಪಸಂಧಿ, ಇನ್ನೊಂದರಲ್ಲಿ ಆಗಮ. ಎರಡರಲ್ಲೂ ಹೆಸರು ಮುಂದೆ, ಅಜ್ಜಿ ಹಿಂದೆ. ಸುಕ್ರಜ್ಜಿ 2025ರ ಫೆಬ್ರುವರಿಯಲ್ಲಿ ತೀರಿಕೊಂಡಾಗ ಬಂದ ಬರಹಗಳಲ್ಲಿ ಹಾಡಿನ ಜೊತೆಗೆ ಸಾರಾಯಿಯ ವಿರುದ್ಧದ ಹೋರಾಟವೂ, 2017ರ ಪದ್ಮಶ್ರೀಯೂ ಇದ್ದವು. ಅವರು ಹೆಸರಾದವರು, ಮನೆಯ ಅಜ್ಜಿಗೆ ಅಷ್ಟೆಲ್ಲ ಎಲ್ಲಿ ಎಂದರೆ, ಹೆಸರು ಬೇಕಾಗುವ ಸಂದರ್ಭವೊಂದು ಎಷ್ಟೋ ಮನೆಗಳಲ್ಲಿ ವರ್ಷಕ್ಕೊಮ್ಮೆ ಬಂದೇ ಬರುತ್ತದೆ. ತರ್ಪಣ ಕೊಡಿಸುವ ಪುರೋಹಿತರು ತಂದೆ, ತಾತ, ಮುತ್ತಾತರಾದ ಮೇಲೆ ಮಾತೃ, ಪಿತಾಮಹಿ, ಪ್ರಪಿತಾಮಹಿ ಎಂದು ಹೆಂಗಸರ ಸಾಲಿಗೆ ಬರುತ್ತಾರೆ, ಗೋತ್ರ ತಾವೇ ಹೇಳಿಕೊಂಡು, ಹೆಸರಿಗಾಗಿ ಎದುರಿಗಿದ್ದವನ ಮುಖ ನೋಡುತ್ತಾರೆ. ಅವನು ಒಳಮನೆಯ ಬಾಗಿಲ ಕಡೆ ನೋಡುತ್ತಾನೆ.