ದಾಳ ಬರೆಯುವ ಲೋಕ: ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಯಾದೃಚ್ಛಿಕ ಕೋಷ್ಟಕಗಳ ಬೆಳವಣಿಗೆ

ಮೇಜಿನ ಸುತ್ತ ಕುಳಿತ ಆಟಗಾರರು ಒಂದೊಂದು ಪಾತ್ರವನ್ನು ವಹಿಸಿಕೊಂಡು, ಉಳಿದ ಲೋಕವನ್ನೆಲ್ಲ ನಡೆಸುವ ಗೇಮ್ ಮಾಸ್ಟರ್ ಜೊತೆ ಮಾತಿನಲ್ಲೇ ಸಾಹಸಗಳನ್ನು ಕೈಗೊಳ್ಳುವ ರೋಲ್‌ಪ್ಲೇಯಿಂಗ್ ಆಟಗಳಲ್ಲಿ, ಯಾದೃಚ್ಛಿಕ ಕೋಷ್ಟಕದಷ್ಟು ಬಳಕೆಯಲ್ಲಿದ್ದೂ ಅಷ್ಟೇ ಕಡೆಗಣನೆಗೆ ಒಳಗಾದ ಸಾಧನ ಮತ್ತೊಂದಿಲ್ಲ. ಸಾಧ್ಯತೆಗಳಿಗೆ ಕ್ರಮಸಂಖ್ಯೆ ಕೊಟ್ಟು ಮಾಡಿದ ಪಟ್ಟಿಯೇ ಈ ಕೋಷ್ಟಕ. ದಾಳ ಉರುಳಿಸಿದಾಗ ಬಿದ್ದ ಸಂಖ್ಯೆಯ ಎದುರು ಏನಿದೆಯೋ ಅದು ಆಟದಲ್ಲಿ ಘಟಿಸುತ್ತದೆ. ಪೂರ್ವಸಿದ್ಧತೆ ಇಲ್ಲದ ಗೇಮ್ ಮಾಸ್ಟರಿಗೆ ಇದೊಂದು ಊರುಗೋಲು, ಕಥೆಯ ಓಟಕ್ಕೆ ಅಡ್ಡಿ ಎಂಬ ಅಭಿಪ್ರಾಯ ಬಹುಕಾಲದಿಂದ ಬೇರೂರಿದೆ. ಕೋಷ್ಟಕ ಬೆಳೆದುಬಂದ ದಾರಿಯನ್ನು ಗಮನಿಸಿದರೆ ಈ ಅಭಿಪ್ರಾಯ ನಿಲ್ಲುವುದಿಲ್ಲ. ಕೋಷ್ಟಕವೂ ಒಂದು ಬರವಣಿಗೆ, ಮತ್ತು ಅದರ ಅರ್ಥವಿರುವುದು ಪಟ್ಟಿಯಲ್ಲಿ ಏನೇನಿದೆ ಎಂಬುದರಲ್ಲಿ ಮಾತ್ರವಲ್ಲ, ಯಾವುದು ಎಷ್ಟು ಸಲ ಬರುತ್ತದೆ ಎಂಬುದರಲ್ಲೂ ಇದೆ.

ಇದರ ಬೇರು ಯುದ್ಧದಾಟಗಳಲ್ಲಿದೆ. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಸ್ ರೂಪಿಸಿದ ಕ್ರೀಗ್‌ಸ್ಪೀಲ್ ಎಂಬ ತರಬೇತಿ ಆಟದಲ್ಲಿ ಕಾಳಗದ ನಷ್ಟವನ್ನು ದಾಳವೇ ತೀರ್ಮಾನಿಸುತ್ತಿತ್ತು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಪ್ರಕಟಿಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಈ ಪದ್ಧತಿಯನ್ನು ಕಾಳಗದಾಚೆಗೆ ಒಯ್ದು, ನೆಲಮಾಳಿಗೆಯಲ್ಲಿ ಅಲೆಯುವ ರಾಕ್ಷಸರು ಯಾವಾಗ ಎದುರಾಗುತ್ತಾರೆ ಎಂಬುದನ್ನೂ ದಾಳಕ್ಕೆ ಒಪ್ಪಿಸಿತು. 1979ರ ಡಂಜನ್ ಮಾಸ್ಟರ್ಸ್ ಗೈಡ್ ಅನುಬಂಧಗಳಲ್ಲಿ ನೆಲಮಾಳಿಗೆಯ ನಕ್ಷೆಯನ್ನೇ ದಾಳದಿಂದ ಬೆಳೆಸುವ ಕೋಷ್ಟಕಗಳಿದ್ದವು; ಅವುಗಳ ವೈವಿಧ್ಯ ಬೆರಗು ಹುಟ್ಟಿಸುವಂಥದ್ದಾದರೂ ವ್ಯವಸ್ಥೆ ಅಷ್ಟಕ್ಕಷ್ಟೆ.

ಕೋಷ್ಟಕದ ನಿಜವಾದ ಶಕ್ತಿ ತೋರಿದ್ದು ಎರಡು ಕೃತಿಗಳಲ್ಲಿ. ಮೊದಲನೆಯದು 1977ರಲ್ಲಿ ಮಾರ್ಕ್ ಮಿಲ್ಲರ್ ರಚಿಸಿದ ಟ್ರಾವೆಲರ್ ಎಂಬ ಅಂತರಿಕ್ಷ ಸಾಹಸದ ಆಟ. ಅದರಲ್ಲಿ ಗ್ರಹವೊಂದರ ಜನಸಂಖ್ಯೆಯನ್ನು ಎರಡು ದಾಳಗಳ ಮೊತ್ತದಿಂದ 2 ಕಳೆದು ನಿರ್ಧರಿಸಲಾಗುತ್ತದೆ. ಸರ್ಕಾರದ ಬಗೆಯನ್ನು ತಿಳಿಯಲು ಮತ್ತೆರಡು ದಾಳಗಳ ಮೊತ್ತದಿಂದ 7 ಕಳೆದು, ಜನಸಂಖ್ಯೆಯ ಅಂಕಿಯನ್ನು ಕೂಡಿಸಲಾಗುತ್ತದೆ. ಕಾನೂನಿನ ಬಿಗಿಯನ್ನು ಅದೇ ಕ್ರಮದಲ್ಲಿ ಸರ್ಕಾರದ ಅಂಕಿಯಿಂದ ಪಡೆಯಲಾಗುತ್ತದೆ. ದಾಳದಲ್ಲಿ 7 ಬಿತ್ತೆಂದುಕೊಂಡರೆ, ಕೆಲವು ನೂರು ಜನರಿರುವ ಗ್ರಹದಲ್ಲಿ ಎಲ್ಲರೂ ಪಾಲ್ಗೊಳ್ಳುವ ಪ್ರಜಾಪ್ರಭುತ್ವ ಬರುತ್ತದೆ, ನೂರು ಕೋಟಿ ಜನರಿರುವ ಗ್ರಹದಲ್ಲಿ ಮುಖವಿಲ್ಲದ ಅಧಿಕಾರಶಾಹಿಯೂ ಅದರ ಬೆನ್ನಿಗೆ ಆಯುಧಗಳ ಮೇಲೆ ಕಟ್ಟುನಿಟ್ಟಿನ ನಿರ್ಬಂಧವೂ ಬರುತ್ತವೆ. ಜನ ಹೆಚ್ಚಿದಷ್ಟೂ ಆಳ್ವಿಕೆ ದೂರವಾಗುತ್ತದೆ ಎಂಬ ರಾಜಕೀಯ ಚಿಂತನೆಯನ್ನು ಒಂದು ಸಾಲಿನ ವಿವರಣೆಯೂ ಇಲ್ಲದೆ ಕೂಡುವ ಕಳೆಯುವ ಲೆಕ್ಕದಲ್ಲೇ ಹೇಳಿದ್ದು ಮಿಲ್ಲರ್ ಅವರ ಸಾಧನೆ.

ಎರಡನೆಯದು 1981ರಲ್ಲಿ ಟಾಮ್ ಮೋಲ್ಡ್‌ವೇ ಸಂಪಾದಿಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಬೇಸಿಕ್ ಆವೃತ್ತಿಯಲ್ಲಿರುವ ಪ್ರತಿಕ್ರಿಯೆಯ ಕೋಷ್ಟಕ. ಎದುರಾದ ಜೀವಿಯ ಮನೋಭಾವವನ್ನು ತಿಳಿಯಲು ಎರಡು ದಾಳ ಉರುಳಿಸಬೇಕು: 2 ಬಿದ್ದರೆ ತಕ್ಷಣದ ದಾಳಿ, 3ರಿಂದ 5 ಬಿದ್ದರೆ ಹಗೆತನ, 6ರಿಂದ 8 ಬಿದ್ದರೆ ಅನುಮಾನ, 12 ಬಿದ್ದರೆ ತುಂಬು ಸ್ನೇಹ. ಎರಡು ದಾಳಗಳು ಬೀಳಬಹುದಾದ 36 ಬಗೆಗಳಲ್ಲಿ 2 ಬರುವುದು ಒಂದೇ ಬಗೆಯಲ್ಲಿ, 6ರಿಂದ 8 ಬರುವುದು 16 ಬಗೆಗಳಲ್ಲಿ. ಬರೀ ಹೊಡೆದಾಟದ ಆಟವೆಂದು ಹೆಸರಾದ ಈ ಆಟದ ಮೂಲ ಕೋಷ್ಟಕದಲ್ಲಿ ಮಾತುಕತೆಗೆ ಇದ್ದ ಜಾಗ ಅಷ್ಟು ದೊಡ್ಡದು. ಇದೇ ಪುಸ್ತಕದಲ್ಲಿ ಹತ್ತು ನಿಮಿಷದ ಅವಧಿಯನ್ನು ಒಂದು ಟರ್ನ್ ಎಂದು ಕರೆದು, ಪ್ರತಿ ಎರಡು ಟರ್ನ್‌ಗೊಮ್ಮೆ ದಾಳ ಉರುಳಿಸಿ 1 ಬಿದ್ದರೆ ಅಲೆಮಾರಿ ಜೀವಿ ಎದುರಾಗುತ್ತದೆ ಎಂದು ವಿಧಿಸಲಾಗಿದೆ. ಅದರಂತೆ ಒಂದು ಗಂಟೆಯಲ್ಲಿ ಒಮ್ಮೆಯಾದರೂ ಅಪಾಯ ಎದುರಾಗುವ ಸಂಭವ ಸುಮಾರು ಶೇಕಡಾ 42. ನೆಲಮಾಳಿಗೆಯೊಳಗೆ ತಡಮಾಡುವುದೇ ನಷ್ಟವೆಂಬ ಅರಿವು ಆಟಗಾರರಿಗೆ ಉಪದೇಶವಿಲ್ಲದೆ ಮೂಡುತ್ತದೆ.

ಆಮೇಲೆ ಒಲವು ಕೋಷ್ಟಕದಿಂದ ಕಥೆಯ ಕಡೆಗೆ ಹೊರಳಿತು. 1984ರಲ್ಲಿ ಆರಂಭವಾದ ಡ್ರ್ಯಾಗನ್‌ಲ್ಯಾನ್ಸ್ ಸಾಹಸಮಾಲೆ ಮೊದಲೇ ಹೆಣೆದ ಕಥೆಯನ್ನು ಮುಂದಿಟ್ಟಿತು. 1991ರ ವ್ಯಾಂಪೈರ್: ದ ಮಾಸ್ಕರೇಡ್ ಗೇಮ್ ಮಾಸ್ಟರನ್ನು ಕಥೆಗಾರನೆಂದೇ ಕರೆಯಿತು. ಈ ಪಂಥ ಪಾತ್ರಗಳ ಅಂತರಂಗಕ್ಕೆ ಕೊಟ್ಟ ಗಮನ ಬೆಲೆಯುಳ್ಳದ್ದೇ. ಆದರೆ ಮುಂದೇನಾಗುತ್ತದೆ ಎಂದು ಗೇಮ್ ಮಾಸ್ಟರಿಗೂ ಗೊತ್ತಿಲ್ಲದಿರುವ ಸುಖವನ್ನು ಅದು ಲಘುವಾಗಿ ಬಿಟ್ಟುಕೊಟ್ಟಿತು.

2000ದಲ್ಲಿ ಬಂದ ಮುಕ್ತ ಪರವಾನಗಿಯ ನೆರವಿನಿಂದ ಹಳೆಯ ನಿಯಮಗಳನ್ನು ಮರುಪ್ರಕಟಿಸುವ ಕೆಲಸ 2006ರ ಓಸ್ರಿಕ್ ಎಂಬ ನಿಯಮಪುಸ್ತಕದೊಂದಿಗೆ ಬಲ ಪಡೆದು, ಹಳೆಯ ಶೈಲಿಯ ಪುನರುಜ್ಜೀವನವೆಂಬ ಚಳವಳಿ ರೂಪುಗೊಂಡಿತು. ಕೋಷ್ಟಕ ಮತ್ತೆ ನಡುಮನೆಗೆ ಬಂದದ್ದು ಈ ಪೀಳಿಗೆಯಲ್ಲಿ. 2010ರಲ್ಲಿ ಕೆವಿನ್ ಕ್ರಾಫರ್ಡ್ ಬರೆದ ಸ್ಟಾರ್ಸ್ ವಿದೌಟ್ ನಂಬರ್‌ನಲ್ಲಿ ಪ್ರತಿ ಗ್ರಹಕ್ಕೂ ಎರಡು ಲಕ್ಷಣಗಳನ್ನು ದಾಳದಿಂದ ಆರಿಸಲಾಗುತ್ತದೆ, ಪ್ರತಿ ಲಕ್ಷಣದೊಡನೆ ಶತ್ರು, ಮಿತ್ರ, ತೊಡಕು, ವಸ್ತು, ಸ್ಥಳಗಳ ಸೂಚನೆಗಳಿರುತ್ತವೆ. ಪುರೋಹಿತರ ಆಳ್ವಿಕೆ ಮತ್ತು ಚಿನ್ನದ ಬೇಟೆ ಒಂದೇ ಗ್ರಹಕ್ಕೆ ಬಿದ್ದರೆ, ಅವೆರಡನ್ನೂ ಬೆಸೆಯುವ ಕಾರಣವನ್ನು ಗೇಮ್ ಮಾಸ್ಟರ್ ಹುಡುಕಬೇಕಾಗುತ್ತದೆ, ಆ ಹುಡುಕಾಟದಲ್ಲೇ ಕಥೆ ಹುಟ್ಟುತ್ತದೆ. ಟಿಬೆಟ್, ನೇಪಾಳ, ಬಂಗಾಳಗಳ ಛಾಯೆಯುಳ್ಳ ಡೇವಿಡ್ ಮೆಗ್ರೋಗನ್ ಅವರ ಯೂನ್‌ಸುಯಿನ್ ಒಂದು ಕಲ್ಪಿತ ನಾಡನ್ನು ಬಹುಪಾಲು ಕೋಷ್ಟಕಗಳಲ್ಲೇ ಕಟ್ಟಿತು. ಶಾನ್ ಟಾಮ್ಕಿನ್ ಅವರ ಐರನ್‌ಸ್ವೋರ್ನ್‌ನಲ್ಲಿ ಗೇಮ್ ಮಾಸ್ಟರ್ ಇಲ್ಲದೆ ಒಬ್ಬರೇ ಆಡುವಾಗ ಕೋಷ್ಟಕವೇ ಉತ್ತರ ಕೊಡುತ್ತದೆ.

ಇಷ್ಟು ಫಲವತ್ತಾದ ಕಾಲದಲ್ಲೂ ಕೆಲವು ಕೆಲಸಗಳು ಬಾಕಿ ಉಳಿದಿವೆ. ನೂರು ವಿಚಿತ್ರ ವಸ್ತುಗಳು, ನೂರು ಹೋಟೆಲುಗಳು ಎಂಬಂಥ ಪಟ್ಟಿಗಳು ಧಾರಾಳವಾಗಿ ಬರುತ್ತಿದ್ದರೂ, ಅವುಗಳಲ್ಲಿ ಪ್ರತಿ ಸಾಲಿಗೂ ನೂರರಲ್ಲಿ ಒಂದೇ ಪಾಲು ಇರುವುದರಿಂದ ಅಪರೂಪದ್ದಕ್ಕೂ ಸಾಮಾನ್ಯವಾದದ್ದಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ. ಯಾವಾಗ ದಾಳ ಹಾಕಬೇಕು, ಒಮ್ಮೆ ಬಂದದ್ದನ್ನು ಹೊಡೆದುಹಾಕಬೇಕೇ, ಆಟಗಾರರು ಕಾವಲುಗಾರರನ್ನು ಕೊಂದ ಮೇಲೆ ಕೋಷ್ಟಕ ಹೇಗೆ ಬದಲಾಗಬೇಕು ಎಂಬುದನ್ನು ಹೇಳುವ ಪಟ್ಟಿಗಳು ವಿರಳ. ಆಟದ ಪುಸ್ತಕಗಳ ವಿಮರ್ಶೆಯೂ ಚಿತ್ರ, ಮುದ್ರಣ, ಕಥಾವಸ್ತುಗಳನ್ನು ತೂಗಿ ನೋಡುವಷ್ಟು ಶ್ರದ್ಧೆಯಿಂದ ಕೋಷ್ಟಕವನ್ನು ಓದುತ್ತಿಲ್ಲ. ಎರಡು ದಾಳಗಳ ಕೋಷ್ಟಕವನ್ನು ಕೈಗೆತ್ತಿಕೊಂಡ ವಿಮರ್ಶಕರು ಮೊದಲು ನೋಡಬೇಕಾದದ್ದು 7ರ ಎದುರಿಗಿರುವ ಸಾಲನ್ನು, ಏಕೆಂದರೆ ಆ ಲೋಕದಲ್ಲಿ ದಿನನಿತ್ಯ ನಡೆಯುವುದೇನು ಎಂಬುದನ್ನು ಲೇಖಕರು ಬರೆದಿರುವುದು ಅಲ್ಲಿ.